ಚಿಕ್ಕಪ್ಪನ ಗಂಬೂಟು

ಐವತ್ತು ದಾಟಿದ ಮೇಲೂ ಬೆಳೆಯುತ್ತಿರುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಚಿಕ್ಕಪ್ಪ! ಬುದ್ಧಿಯಲ್ಲಲ್ಲ, ಪಾದದಲ್ಲಿ.

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟಕ್ಕೆ ಮಳೆಗಾಲದಲ್ಲಿ ಗಂಬೂಟಿಲ್ಲದೆ ಇಳಿದರೆ ಜಿಗಣೆಗಳಿಗೆ ಹಬ್ಬ. ಹಾಗಾಗಿ ಪ್ರತಿ ಮೇ ಕೊನೆಗೆ ನಾವಿಬ್ಬರೂ ಮಡಿಕೇರಿಗೆ ಹೋಗಿ ಅವರಿಗೆ ಹೊಸ ಜೊತೆ ತರುತ್ತಿದ್ದೆವು. ಎಂಟನೇ ನಂಬರ್ ಒಂಬತ್ತಾಯಿತು, ಒಂಬತ್ತು ಹತ್ತಾಯಿತು. ಕಂಪನಿಯವರು ಅಳತೆಯಲ್ಲಿ ಕದಿಯುತ್ತಿದ್ದಾರೆಂದು ಚಿಕ್ಕಪ್ಪನ ವಾದ, ಅಂಗಡಿಯವನ ಜೊತೆ ಜಗಳ! ನಾನು ಆ ಪಾದದ ಫೋಟೋ ತೆಗೆದು, 'ಈ ವರ್ಷದ ಫಸಲು' ಎಂದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಅವರ ಬೆರಳಿಗೆ ಕಚ್ಚಿಕೊಂಡ ಉಂಗುರವನ್ನು ಕತ್ತರಿಸಿ ತೆಗೆಸಿದ ದಿನ ಅದಕ್ಕೂ ಒಂದು ಫೋಟೋ.

ಕಾಫಿ ಗಿಡದ ಕಾಯಿಲೆ ಹಿಡಿಯುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಕಾಂಡದ ಮೇಲೆ ಬೆರಳಾಡಿಸಿ, ತೊಗಟೆ ಒಂದೆಳೆ ಉಬ್ಬಿದ್ದರೂ ಒಳಗೆ ಕಾಂಡ ಕೊರೆಯುವ ಬೋರರ್ ಹುಳ ಇದೆಯೆಂದು ಗಿಡ ಕೀಳಿಸುತ್ತಿದ್ದರು. ಸೀಳಿ ನೋಡಿದರೆ ಹುಳ ಇದ್ದೇ ಇರುತ್ತಿತ್ತು.

ಆಮೇಲೆ ಅವರಿಗೆ ಗರ್ವ ಬಂತು. ಹಾಗೆಂದು ನಾವು ತಿಳಿದೆವು. ಮದುವೆ ಮನೆಯಲ್ಲಿ ಪಕ್ಕಕ್ಕೆ ನಿಂತು ಕೈಮುಗಿದವರನ್ನು ಕಣ್ಣೆತ್ತಿ ನೋಡದೆ ದಾಟಿ ಹೋಗುತ್ತಿದ್ದರು. ನನಗೂ ಹಾಗೇ ಮಾಡಿದಾಗ ಸಿಟ್ಟಾಗಿ ಒಂದು ತಿಂಗಳು ಮಾತು ಬಿಟ್ಟೆ. ದಿನಾ ದಾಟುವ ಗೇಟಿನ ಕಂಬಕ್ಕೇ ಜೀಪು ಗುದ್ದಿದಾಗ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದೆವು.

ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ! ಕೈಕಾಲು ಬೆಳೆಸಿದ್ದೂ ಅದೇ, ಕಣ್ಣಿನ ನರ ಒತ್ತಿ ಎರಡೂ ಪಕ್ಕದ ನೋಟ ಕಸಿದದ್ದೂ ಅದೇ. ಕ್ಯಾನ್ಸರ್ ಅಲ್ಲವಂತೆ. ಆದರೂ ಸುಮ್ಮನಿರಬೇಕಾದ ಕೆಲವು ಜೀನ್‌ಗಳು ಎಚ್ಚೆತ್ತು ಕೆಲಸಕ್ಕಿಳಿದರೆ ಇಂಥ ಗಡ್ಡೆ ಪಕ್ಕದ ಮೂಳೆಯೊಳಕ್ಕೂ ನುಗ್ಗುತ್ತದೆ, ಇಲ್ಲೂ ನುಗ್ಗಿದೆ ಎಂದರು ಡಾಕ್ಟರ್. ಚಿಕ್ಕಪ್ಪ ತಲೆದೂಗಿ, "ಹಂಗಾದ್ರೆ ಬೋರರ್ರೇ" ಎಂದರು.

ಹಳೆಯ ಫೋಟೋ ಇವೆಯೇ ಎಂದು ಡಾಕ್ಟರ್ ಕೇಳಿದರು. ನನ್ನ ಫೋನಿನಲ್ಲಿ ಇಲ್ಲದಿರುತ್ತವೆಯೇ? ಆರು ವರ್ಷದ ಪಾದಗಳು, ತಾರೀಖಿನ ಸಮೇತ! ಅವರು ಒಂದೊಂದನ್ನೇ ಸರಿಸಿ ನೋಡಿದರು.

"ಇಷ್ಟು ಚೆನ್ನಾಗಿ ಗಮನಿಸಿದ್ದೀರಿ. ಮೊದಲೇ ಯಾಕೆ ಕರ್ಕೊಂಡು ಬರ್ಲಿಲ್ಲ?"

ನಗುತ್ತಿದ್ದೆವು ಎನ್ನಲೇ? ಗಿಡದ ತೊಗಟೆ ಉಬ್ಬಿದ್ದನ್ನು ಚಿಕ್ಕಪ್ಪ ಒಮ್ಮೆಯೂ ನಕ್ಕು ಬಿಟ್ಟವರಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಆಪರೇಷನ್ ಆಯಿತು. ಮೂಳೆಗೆ ನುಗ್ಗಿದ್ದು ಪೂರ್ತಿ ಬರಲಿಲ್ಲ, ಇಂಜೆಕ್ಷನ್ ನಡೆಯುತ್ತಿದೆ. ಪಕ್ಕದ ನೋಟವೂ ಮರಳಲಿಲ್ಲ.

ಈ ಮೇ ಕೊನೆಗೆ ಮತ್ತೆ ಅದೇ ಅಂಗಡಿಗೆ ಹೋದೆವು. ಹತ್ತನೇ ನಂಬರೇ ಸರಿಯಾಯಿತು. ನನ್ನ ಫೋನು ಜೇಬಿನಲ್ಲೇ ಇತ್ತು. ಚಿಕ್ಕಪ್ಪ ಕಾಲು ಚಾಚಿ, ಪಕ್ಕದಲ್ಲೇ ಕೂತಿದ್ದ ನನ್ನನ್ನು ಹುಡುಕುತ್ತ ಇಡೀ ತಲೆ ತಿರುಗಿಸಿದರು.

"ಈ ಸಲ ಫೋಟೋ ತಗಿಯಲ್ವೇನ್ಲಾ? ಬೆಳ್ದಿಲ್ಲ ನೋಡು."

ನಾನು ಎದ್ದು, ಅವರ ಕಣ್ಣಿಗೆ ಕಾಣುವ ಹಾಗೆ ಎದುರಿಗೆ ಬಂದು ಕೂತೆ.