ಮುಳುಗಿದ ಹಡಗಿನ ಮುದ್ರೆ

ನಮ್ಮ ಚಿಕ್ಕಪ್ಪ ಒಂದು ಯುದ್ಧದ ಹಡಗನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು ಎಂದರೆ ನೀವು ನಗುತ್ತೀರಿ. ನಗಿ, ನಾನೂ ಬಹಳ ವರ್ಷ ನಕ್ಕಿದ್ದೇನೆ! ಜಾವಳಿ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿ ನಿವೃತ್ತರಾದ ಈ ಮನುಷ್ಯ ಸಮುದ್ರವನ್ನೇ ಕಂಡವರಲ್ಲ. ಮೊಣಕಾಲು ಮುಳುಗದ ಹೇಮಾವತಿಯನ್ನು ದಾಟುವಾಗಲೂ ನನ್ನ ಭುಜ ಹಿಡಿದುಕೊಳ್ಳುತ್ತಿದ್ದರು. ಆದರೆ ಆ ಹಡಗಿಗೆ ಎಷ್ಟು ಫಿರಂಗಿ, ಎಷ್ಟು ಬಾಯ್ಲರು, ಯಾವ ಬಂದರಿನಲ್ಲಿ ಎಷ್ಟು ದಿನ ನಿಂತಿತ್ತು ಎಂದು ಕೇಳಿದರೆ ಉಸಿರು ಬಿಡದೆ ಹೇಳುತ್ತಿದ್ದರು. ಕೇಳದಿದ್ದರೂ ಹೇಳುತ್ತಿದ್ದರು!

ಡಬ್ಬಿಯಲ್ಲಿದ್ದದ್ದು ಎರಡನೇ ಮಹಾಯುದ್ಧದಲ್ಲಿ ಆ ಹಡಗಿನ ನಾವಿಕರು ಮನೆಗೆ ಬರೆದ ಕಾಗದಗಳ ಖಾಲಿ ಕವರುಗಳು. ಹಡಗಿನಲ್ಲೇ ಒಂದು ಪುಟ್ಟ ಅಂಚೆ ಕೋಣೆ, ಅದಕ್ಕೆ ಅದರದೇ ದುಂಡು ಮುದ್ರೆ. ಆ ಮುದ್ರೆ ಬಿದ್ದ ಕವರು ಎಲ್ಲಿ ಮಾರಾಟಕ್ಕಿದ್ದರೂ ಚಿಕ್ಕಪ್ಪ ತರಿಸುತ್ತಿದ್ದರು. ಪೋಸ್ಟ್‌ಮ್ಯಾನ್ ಅಂಗಳದಲ್ಲೇ ನಿಂತು, "ನಿಮ್ಮನೆಗೆ ಬರೋದೆಲ್ಲ ಸತ್ತೋರ ಟಪಾಲು. ನಾನು ಒಳಗೆ ಬರೋದಿಲ್ಲ ಮಾರಾಯ್ರೆ" ಎನ್ನುತ್ತಿದ್ದ.

ಚಿಕ್ಕಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಆ ಹಡಗಿನಲ್ಲಿದ್ದರು. ಹಡಗು ಮುಳುಗಿದೆ, ಯಾರೂ ಪತ್ತೆಯಿಲ್ಲ ಎಂದು ತಂತಿ ಬಂತು. ಆಮೇಲೆ ದೊಡ್ಡಪ್ಪನ ಕಾಗದ ಬಂತು. ಟಪಾಲು ತಡವಾಗಿರಬೇಕು ಎನ್ನುತ್ತೀರಾ? ಮುದ್ರೆಯ ತಾರೀಖು ಹಡಗು ಮುಳುಗಿದ ಒಂಬತ್ತನೆಯ ದಿನದ್ದು! ಒಳಗೆ ತಾರೀಖು ಬರೆಯುವ ಅಭ್ಯಾಸ ದೊಡ್ಡಪ್ಪನಿಗಿರಲಿಲ್ಲ.

"ಹಡಗು ನೀರಿನ ತಳದಲ್ಲಿ. ಮುದ್ರೆ ಅದರೊಳಗೆ. ಹಾಗಾದ್ರೆ ಒತ್ತಿದ್ದು ಯಾರು ಮಾರಾಯ?" ಎಂದು ಚಿಕ್ಕಪ್ಪ ಮೇಜಿನ ಮೇಲೆ ಮುಷ್ಟಿಯನ್ನು ಟಪ್ಪೆಂದು ಒತ್ತುತ್ತಿದ್ದರು. ಹಾಡುಹಗಲಲ್ಲೇ ನನ್ನ ಮೈ ಜುಮ್ಮೆನ್ನುತ್ತಿತ್ತು.

ಅಕ್ಕನನ್ನು ನೋಡಲು ವಸ್ತಾರೆಯಿಂದ ಗಂಡಿನ ಕಡೆಯವರು ಬಂದಾಗ ಚಿಕ್ಕಪ್ಪ ಸುಮ್ಮನಿರಬಾರದೇ? ಆ ಕವರನ್ನು ಹುಡುಗನ ಮೂಗಿಗೇ ಹಿಡಿದು, "ಮೂಸಿ ನೋಡಿ, ಇನ್ನೂ ಉಪ್ಪುನೀರಿನ ವಾಸನೆ ಇದೆ" ಎಂದರು. ಹುಡುಗ ಮೂಸಿದ. ಬಿಳಿಚಿಕೊಂಡ. "ಹೌದು" ಎಂದ! ಅವನ ತಾಯಿ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅಕ್ಕ ಒಂದು ವರ್ಷ ಚಿಕ್ಕಪ್ಪನ ಜೊತೆ ಮಾತು ಬಿಟ್ಟಳು.

ಆ ತಾರೀಖನ್ನು ಚಿಕ್ಕಪ್ಪನಷ್ಟೇ ಗಟ್ಟಿಯಾಗಿ ನಂಬಿದವರು ದೊಡ್ಡಮ್ಮ. ಮುಳುಗಿದ ಮೇಲೂ ಕಾಗದ ಹಾಕಿದ್ದಾರೆಂದರೆ ಗಂಡ ಎಲ್ಲೋ ಬದುಕಿದ್ದಾರೆ! ಹಾಗಾಗಿ ನಮ್ಮ ಮನೆಯಲ್ಲಿ ದೊಡ್ಡಪ್ಪನ ತಿಥಿ ನಡೆಯಲೇ ಇಲ್ಲ. ಎಪ್ಪತ್ತು ದಾಟಿದರೂ ದೊಡ್ಡಮ್ಮನ ಹಣೆಯಲ್ಲಿ ಕಾಸಗಲ ಕುಂಕುಮ. ಚಿಕ್ಕಪ್ಪ ಹುಡುಕುತ್ತಿದ್ದದ್ದು ಅದೇ ತಾರೀಖಿನ ಇನ್ನೊಂದು ಮುದ್ರೆಯನ್ನು. "ಇನ್ನೊಂದು ಸಿಕ್ಕಿದ್ರೆ ಇನ್ನೊಬ್ಬನೂ ಬದುಕಿದ್ದ ಅಂತಾಯ್ತಲ್ಲ? ಇಬ್ರೂ ಒಟ್ಟಿಗೇ ಇದ್ದಿರ್ಬೇಕು!"

ತೊಂಬತ್ತರ ದಶಕದ ಕೊನೆಯಲ್ಲಿ ಅದು ಸಿಕ್ಕಿತು. ವಿದೇಶದಿಂದ ಬಂದ ಕವರಿನ ಮೇಲೆ ಭೂತಗನ್ನಡಿ ಹಿಡಿದ ಚಿಕ್ಕಪ್ಪ ಚಿಕ್ಕ ಮಗುವಿನಂತೆ ಕುಣಿದುಬಿಟ್ಟರು. ಅದೇ ಮುದ್ರೆ, ಅದೇ ತಾರೀಖು! ಈ ಸಲ ಕವರು ಖಾಲಿಯಿರಲಿಲ್ಲ. ಯಾರೋ ನಾವಿಕ ತಾಯಿಗೆ ಇಂಗ್ಲಿಷಿನಲ್ಲಿ ಬರೆದ ಕಾಗದ ಒಳಗಿತ್ತು. ಚಿಕ್ಕಪ್ಪ ಓದಿದರು. ಮೆಲ್ಲಗೆ ಕುಳಿತು ನನ್ನ ಕೈಗೆ ಕೊಟ್ಟರು.

ಒಳಗಿನ ತಾರೀಖು ಹಡಗು ಮುಳುಗುವ ಎರಡು ದಿನ ಮೊದಲಿನದು. 'ನಾಳೆ ಹೊರಡುತ್ತೇವೆ. ಟಪಾಲು, ಮುದ್ರೆ ಎಲ್ಲವನ್ನೂ ದಡದ ಕಚೇರಿಗೆ ಒಪ್ಪಿಸುತ್ತಿದ್ದೇವೆ. ಅವರು ತಪಾಸಣೆಗೆಂದು ಎಲ್ಲರ ಕಾಗದ ಓದಿ ಮುದ್ರೆ ಒತ್ತುವಾಗ ಎಷ್ಟು ದಿನವಾಗುತ್ತದೋ' ಎಂದಿತ್ತು. ದೊಡ್ಡಪ್ಪನ ಕಾಗದವೂ ಅದೇ ಚೀಲದ್ದು. ಮುದ್ರೆ ಒತ್ತಿದ್ದು ದಡದಲ್ಲಿದ್ದ ಒಬ್ಬ ಗುಮಾಸ್ತ.

ಅಷ್ಟರಲ್ಲಿ ದೊಡ್ಡಮ್ಮ ಕಾಫಿ ಹಿಡಿದು ಬಂದರು. "ಎಂತ ಬಂತು? ಕುಣೀತಿದ್ಯಲ್ಲ, ಅದೇ ತಾರೀಖಾ?"

ಚಿಕ್ಕಪ್ಪ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಕವರಿಗೆ ತುರುಕಿದರು.

"ನಕಲಿ ಅತ್ತಿಗೆ. ಯಾರೋ ನಂಗೆ ಟೋಪಿ ಹಾಕಿದ್ರು."

ಮುದ್ರೆಯ ವಿಷಯದಲ್ಲಿ ಜನ್ಮದಲ್ಲಿ ಮೋಸಹೋಗದ ಮನುಷ್ಯ! ಇವರನ್ನು ನೋಡಿ ಇಷ್ಟು ವರ್ಷ ನಕ್ಕೆನಲ್ಲ ಎಂದು ನನಗೆ ಅಳು ಬಂತು.

ದೊಡ್ಡಮ್ಮ ಆ ಕವರನ್ನೇ ಸ್ವಲ್ಪ ಹೊತ್ತು ನೋಡಿದರು. ಕಾಫಿ ಲೋಟವನ್ನು ಮೈದುನನ ಮುಂದೆ ಇಟ್ಟರು.

"ಹೋಗ್ಲಿ ಬಿಡು. ಮತ್ತೆ ಹುಡುಕು."

"ಹೂಂ ಅತ್ತಿಗೆ" ಎಂದರು ಚಿಕ್ಕಪ್ಪ. ಮುಂದೆ ಏಳು ವರ್ಷ, ದೊಡ್ಡಮ್ಮ ಹಣೆಯ ಕುಂಕುಮದೊಂದಿಗೇ ತೀರಿಕೊಳ್ಳುವವರೆಗೂ, ಅವರು ಹುಡುಕುತ್ತಲೇ ಇದ್ದರು.