ಔಷಧ ಕಾಣದ ಟೊಂಗೆ

ಮನುಕುಲದ ಹಸಿವನ್ನು ನೀಗಿಸಹೊರಟವನು ಮೊದಲು ಹುಳುವಿನ ಹಸಿವನ್ನು ಅರಿಯಬೇಕು. ಈ ಗಂಭೀರ ಸತ್ಯ ನನಗೆ ಹೊಳೆದದ್ದು ಮದರಾಸಿನ ಕ್ರೋಂಪೇಟೆಯ ರೈಲು ಹಳಿಯ ಪಕ್ಕದಲ್ಲಿ, ಹರಳಿನ ಗಿಡದ ಎಲೆ ಕೀಳುತ್ತಿರುವಾಗ. ಅಷ್ಟರಲ್ಲಿ ಪೊಲೀಸಿನವರೊಬ್ಬರು "ಎನ್ನ ಸಾರ್ ಪಣ್ರೀಂಗ?" ಎಂದು ತಮಿಳಿನಲ್ಲಿ ನಾನು ಮಾಡುತ್ತಿದ್ದುದನ್ನು ವಿಚಾರಿಸಿದ್ದರಿಂದ ಸತ್ಯದ ಉತ್ತರಾರ್ಧ ಹೊಳೆಯಲಿಲ್ಲ.

ಬೇವಿನೆಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಸುವುದು ಕಾಲೇಜಿನಲ್ಲಿ ನನ್ನ ಉದ್ಯೋಗ. ಇದಕ್ಕೆ ನ್ಯಾನೋ ಔಷಧವೆಂಬ ದೊಡ್ಡ ಹೆಸರಿದೆ. ಬೆಳೆ ತಿನ್ನುವ ಹುಳುಗಳ ಮೇಲೆ ಇದನ್ನು ಪರೀಕ್ಷಿಸಬೇಕಾದರೆ ಮೊದಲು ಹುಳುಗಳನ್ನು ಸಾಕಬೇಕು. ಅವು ಸತ್ತರೆ ನಮ್ಮ ಔಷಧದಿಂದ ಸಾಯಬೇಕೇ ಹೊರತು ಉಪವಾಸದಿಂದಲ್ಲ. ಆದ್ದರಿಂದ ಅವಕ್ಕೆ ದಿನವೂ ಎಳೆಯ ಎಲೆಯ ಸೇವೆ. ಧಾರವಾಡದವಳಾದ ನನ್ನ ಹೆಂಡತಿ ಶಾಂತಾಗೆ ಇದೇ ಸಂಕಟ. "ರೀ, ಆ ಹುಳಕ್ಕ ದಿನಾ ಎಳೀ ಎಲಿ ಹುಡಿಕ್ಕೊಂಡು ಒಯ್ತೀರಿ. ನನಗ ಒಂದಿನಾನರ ಒಂದು ಸಿವುಡು ಮೆಂತೆ ತಂದೀರೇನು?"

ಹೀಗಿರುವಾಗ ಪಲ್ಲಾವರಂನ ನಮ್ಮ ಮನೆಯ ಬಾಲ್ಕನಿಗೇ ಹುಳು ಬಂತು. ಅಲ್ಲಿ ಶಾಂತಾಳ ಕರಿಬೇವಿನ ಗಿಡವಿದೆ. ಬೆರಳುದ್ದದ ಸಸಿಯಿಂದ ಹುಳಿ ಮಜ್ಜಿಗೆ ಕುಡಿಸಿ ಬೆಳೆಸಿದ್ದು. ಮದರಾಸಿನ ಬಿಸಿಲಿಗೆ ಅವಳು ಸೀರೆ ಕಟ್ಟಿ ನೆರಳು ಮಾಡುವುದು ಅದೊಂದಕ್ಕೇ. ಹಸಿರು ಹುಳುಗಳು ಅದನ್ನು ಮೇಯುತ್ತಿದ್ದವು. "ದೇಶದ ರೈತರಿಗೆಲ್ಲಾ ಔಷಧ ಮಾಡ್ತೀರಲ್ಲ, ಇದೊಂದು ಗಿಡಾ ಉಳಸ್ರಿ ನೋಡೂಣು" ಎಂದಳು. ನನ್ನ ವಿದ್ಯೆಯ ಮಾನವೇ ಕುಂಡದಲ್ಲಿ ನಿಂತಿತ್ತು.

ಕಾಲೇಜಿನಿಂದ ಔಷಧದ ಬಾಟಲಿ ತಂದೆ. ಗಿಡಕ್ಕೆ ಎರಡು ಟೊಂಗೆ. ಒಂದಕ್ಕೆ ಸಿಂಪಡಿಸಿ ಇನ್ನೊಂದನ್ನು ಹಾಗೇ ಬಿಟ್ಟೆ. ಹೋಲಿಸಿ ನೋಡಲು ಔಷಧ ಕಾಣದ್ದೊಂದು ಇರಲೇಬೇಕು. ಇದು ನಮ್ಮ ಶಾಸ್ತ್ರದ ಅಲುಗದ ನಿಯಮ.

"ಆ ಟೊಂಗಿ ಏನ್ ಪಾಪಾ ಮಾಡಿತ್ರೀ?" ಎಂದಳು ಶಾಂತಾ.

"ಹೋಲಿಕೆ ಇಲ್ಲದಿದ್ರೆ ಯಾರೂ ಒಪ್ಪೂದಿಲ್ಲ."

"ಯಾರ ಒಪ್ಪಬೇಕು? ಒಗ್ಗರಣಿಗೆ ಹಾಕಾಕಿ ನಾನು!"

ಕನ್ನಡಕ್ಕೆ ತಮಿಳಿನಲ್ಲೇ ಉತ್ತರ ಕೊಡುವ ಮಗಳು ನೀಲಾ ಕುಂಡದ ಪಕ್ಕ ಕೂತು "ಅಯ್ಯೋ, ಪಾವಂಪ್ಪಾ!" ಎಂದಳು. ನನ್ನ ಮೇಲಿನ ಕನಿಕರವೆಂದುಕೊಂಡೆ. ಹುಳುಗಳ ಮೇಲಿನದು.

ಎರಡು ದಿನ ಬಿಟ್ಟು ನೋಡಿದರೆ ಔಷಧ ಅಮೋಘವಾಗಿ ಕೆಲಸ ಮಾಡಿತ್ತು. ಸಿಂಪಡಿಸಿದ ಟೊಂಗೆಯ ಒಂದೆಲೆಗೂ ಹುಳು ಬಾಯಿ ಹಾಕಿರಲಿಲ್ಲ. ಬೇವಿನ ಕಹಿ ಸಹಿಸದೆ ಅವು ಶಿಸ್ತಾಗಿ ಕಾಂಡದ ಮೇಲೆ ನಡೆದು ಇನ್ನೊಂದು ಟೊಂಗೆಗೆ ಹೋಗಿ, ಅದನ್ನು ಕಡ್ಡಿ ಮಾತ್ರ ಉಳಿಯುವಂತೆ ಬೋಳಿಸಿದ್ದವು. ಇಷ್ಟು ಸ್ಪಷ್ಟವಾದ ವ್ಯತ್ಯಾಸ ನನ್ನ ಪ್ರಯೋಗಾಲಯದಲ್ಲಿ ಎಂದೂ ಸಿಕ್ಕಿರಲಿಲ್ಲ. ಸಂತೋಷ ತಡೆಯಲಾರದೆ ಪಕ್ಕದಲ್ಲಿ ಸ್ಕೇಲು ಹಿಡಿದು ಫೋಟೋ ತೆಗೆಯುತ್ತಿದ್ದೆ. ಶಾಂತಾ ಬಂದು ಬೋಳು ಟೊಂಗೆಯನ್ನು ಸವರಿ ನೋಡಿದಳು.

"ನೀವು ಔಷಧ ಹೊಡದಿಲ್ರೀ. ಉಣ್ಣಾಕ ಕೂತಾವ್ರನ್ನ ಎಬ್ಬಿಸಿ ಬ್ಯಾರೆ ಪಂಕ್ತಿಗೆ ಕೂಡಿಸೀರಿ."

ಉಳಿದ ಟೊಂಗೆಯಾದರೂ ನನ್ನ ಮಾನ ಕಾಯುತ್ತದೆಂದು ನಂಬಿದ್ದೆ. ಭಾನುವಾರ ಅದರ ಎಲೆ ಉಪ್ಪಿಟ್ಟಿಗೆ ಬಿತ್ತು. ಹುಳುಗಳ ತೀರ್ಮಾನ ಸರಿಯಾಗಿತ್ತು. ನೀಲಾ ಒಂದು ತುತ್ತಿಗೆ ತಟ್ಟೆ ಸರಿಸಿದಳು. ನಾನು ಮಾತ್ರ ಶಾಸ್ತ್ರದ ಗೌರವಕ್ಕಾಗಿ ಪೂರ್ತಿ ತಿಂದೆ.

ಈಗ ಕರಿಬೇವು ಪಲ್ಲಾವರಂನ ಶುಕ್ರವಾರದ ಸಂತೆಯಿಂದ ಬರುತ್ತದೆ. ತರುವವನು ನಾನು.