ಹಸಿರು ಚುಕ್ಕೆಯ ಬಿಳಿ ಕಾರು

ಶಿಡ್ಲಘಟ್ಟದ ಕೊಂಡಮ್ಮನವರಿಗೆ ಗೇಟಿಗೆ ಹಸಿರು ಬಣ್ಣ ಹೊಡೆಸಲು ವರ್ಷದಲ್ಲಿ ಬೇರೆ ದಿನವೇ ಸಿಗಲಿಲ್ಲ. ಪೇಂಟರ್ ಸ್ಪ್ರೇ ಹಿಡಿದು ನಿಂತ, ಗಾಳಿ ಬೀಸಿತು, ಪಕ್ಕದ ಮನೆ ಮುಂದೆ ನಿಂತಿದ್ದ ಬಿಳಿ ಕಾರಿನ ಮೈತುಂಬ ಹಸಿರು ಸಿಡುಬು ಎದ್ದಿತು.

ಕಾರು ಆ ಮನೆಯ ವೇಣುವಿನದಲ್ಲ, ಅವನ ಅಕ್ಕನ ಗಂಡ ಕೆಂಪರಾಜುವಿನದು. ಅದರ ಮೇಲೆ ಕಾಗೆ ಕೂತರೂ ಊಟ ಬಿಡುವ ಆಸಾಮಿ ಅವನು. ಅಕ್ಕನ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಗೋಗರೆದು ವೇಣು ಅದನ್ನು ತರಿಸಿಕೊಂಡಿದ್ದ. ನಾಳೆ ಚಿಂತಾಮಣಿಗೆ ಹೆಣ್ಣು ನೋಡಲು ಹೋಗಬೇಕಿತ್ತು. ಹುಡುಗಿ ಕಲ್ಯಾಣಿಯ ಫೋಟೊ ನೋಡಿದಂದಿನಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಈ ಮೇಷ್ಟ್ರಿಗೆ ಕೂಡುವ ಲೆಕ್ಕವೂ ತಪ್ಪುತ್ತಿತ್ತು. ಸಂಜೆ ಬಾವ ಬರುತ್ತಾನೆ. ಒಂದು ಚುಕ್ಕೆ ಕಂಡರೂ ಕಾರು ವಾಪಸ್, ಬಸ್ಸಿನಲ್ಲಿ ನೇತಾಡಿಕೊಂಡು ಹೋದ ವರನನ್ನು ಯಾರು ಒಪ್ಪುತ್ತಾರೆ ಎಂಬುದು ವೇಣುವಿನ ಭಯ.

ಹಳೇ ಲುಂಗಿ ಸುತ್ತಿ, ತಲೆಗೆ ಟವೆಲ್ ಕಟ್ಟಿ ಇಳಿದೇಬಿಟ್ಟ.

"ಅಯ್ಯೋ ದೇವುಡಾ! ಇದಕ್ಯಾಕಪ್ಪ ಇಷ್ಟು ಯೋಚ್ನೆ? ಪಾತ್ರೆ ಉಜ್ಜೋ ನಾರು ತಂದಿದೀನಿ, ಸರ್ಕೋ," ಎಂದು ಕೊಂಡಮ್ಮ ಸ್ಟೀಲ್ ನಾರು ಹಿಡಿದು ನುಗ್ಗಿದರು. ವೇಣು ಬಾನೆಟ್ಟಿನ ಮೇಲೆ ಬೋರಲು ಬಿದ್ದು ಕಾರಿನ ಮಾನ ಉಳಿಸಿದ.

ಎದುರುಗಡೆ ಹಾರ್ಡ್‌ವೇರ್ ಅಂಗಡಿಯ ಷರೀಫ್ ಓಡಿ ಬಂದರು. "ಅರೆ ಮೇಷ್ಟ್ರೇ, ನಾರೂ ಬೇಡ, ಪೇಂಟ್ ತಿನ್ನರ್ರೂ ಬೇಡ. ಅದ್ರಲ್ಲಿ ಉಜ್ಜಿದ್ರೆ ಹಸಿರು ಹೋಗತ್ತೆ, ಜೊತೇಲಿ ಬಿಳೀನೂ ಹೋಗತ್ತೆ. ಮೊದ್ಲು ಸೋಪು ನೀರಲ್ಲಿ ಧೂಳು ತೊಳೀರಿ. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ನೆನೆಯಕ್ಕೆ ಬಿಡಿ. ಮೆತ್ತಗಿನ ಬಟ್ಟೇಲಿ ನಿಧಾನಕ್ಕೆ ಒರೆಸಿ, ಒತ್ತಬೇಡಿ. ಮಗು ಮುಖ ಅನ್ಕೊಳ್ಳಿ." ಇಷ್ಟು ಹೇಳಿ ಗಿರಾಕಿ ಕಂಡು ಅಂಗಡಿಗೆ ವಾಪಸ್ ಓಡಿದರು.

ತಾಯಿ ಕದಿರಮ್ಮನ ತಲೆಗೆ ಹಚ್ಚುವ ಎಣ್ಣೆ ಪೂರ್ತಿ ಕಾರಿನ ಪಾಲಾಯಿತು. ಎಣ್ಣೆ ನೆನೆಯುತ್ತಿರುವಾಗಲೇ ಜಲ್ಲಿ ಲಾರಿಯೊಂದು ಬೀದಿಯ ಧೂಳನ್ನೆಲ್ಲ ಎಬ್ಬಿಸಿಕೊಂಡು ಹೋಯಿತು. ಕಾರು ಹಿಟ್ಟಿನಲ್ಲಿ ಹೊರಳಿಸಿದ ಬೋಂಡದಂತಾಯಿತು. ವೇಣುವಿಗೆ ಅಳುವೇ ಬಂತು. ಮತ್ತೆ ತೊಳೆದ, ಅಂಗಡಿಯಿಂದ ಹೊಸ ಎಣ್ಣೆ ತಂದು ಮತ್ತೆ ಹಚ್ಚಿದ. ಒಂದೊಂದು ಚುಕ್ಕೆಯನ್ನೂ ಬನೀನಿನ ತುಂಡಿನಿಂದ ಸವರಿ ಸವರಿ ಎಬ್ಬಿಸತೊಡಗಿದ.

ಮಧ್ಯಾಹ್ನ ಯಾರೋ ಹಿರಿಯರು ಬೈಕ್ ನಿಲ್ಲಿಸಿ ಬಗ್ಗಿ ನೋಡಿದರು. "ಕೆಲಸ ಚೆನ್ನಾಗಿ ಮಾಡ್ತೀಯಲ್ಲಪ್ಪ. ಕಾರು ನಿಂದೇನಾ?"

"ನಂದೆಲ್ಲಿ ಬಂತು ಸ್ವಾಮಿ! ಸಂಜೆ ಓನರ್ ಬರ್ತಾರೆ. ಒಂದು ಚುಕ್ಕೆ ಇದ್ರೂ ನನ್ನ ಚರ್ಮ ಸುಲೀತಾರೆ."

ಅಷ್ಟರಲ್ಲಿ ಕೊಂಡಮ್ಮ ಕೂಗಿದರು. "ವೇಣೂ, ಡೋರ್ ಕೆಳಗಡೆ ಬಿಟ್ಟಿದೀಯ ನೋಡು! ಅದಾದ್ಮೇಲೆ ನಮ್ಮ ಸ್ಕೂಟರ್‌ಗೂ ಒಂದು ಕೈ ಹಾಕ್ಬಿಡಪ್ಪ!"

"ಆಯ್ತಮ್ಮ," ಎಂದ ವೇಣು, ಅವರ ಬಾಯಿ ಮುಚ್ಚಿಸಿದರೆ ಸಾಕೆಂದು. ಹಿರಿಯರು ಅವನನ್ನು ಅಡಿಯಿಂದ ಮುಡಿಯವರೆಗೆ ಇನ್ನೊಮ್ಮೆ ನೋಡಿ ಬೈಕ್ ಹತ್ತಿದರು.

ಸಂಜೆ ಕೆಂಪರಾಜು ಬಂದ. ಕಾರನ್ನು ಸುತ್ತಿದ, ಬಗ್ಗಿದ, ಬೆರಳಾಡಿಸಿದ. ವೇಣು ತಲೆಯ ಟವೆಲ್ ಬಿಚ್ಚಿ ಅವನ ಹಿಂದೆಯೇ ಸುತ್ತಿದ.

"ಪರ್ವಾಗಿಲ್ಲ ಕಣೋ, ನನಗಿಂತ ಚೆನ್ನಾಗಿ ನೋಡ್ಕೊಂಡಿದೀಯ. ಬೆಳಗ್ಗೆ ಬೇಗ ಹೊರಟುಬಿಡಣ."

ವೇಣುವಿಗೆ ಬಾವನನ್ನು ಎತ್ತಿ ಕುಣಿಸುವಷ್ಟು ಖುಷಿಯಾಯಿತು. ಆದರೆ ಒಳಗಿನಿಂದ ಕದಿರಮ್ಮ ಫೋನ್ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಬಂದರು.

"ನಾಳೆ ಬರೋದು ಬೇಡ ಅಂದ್ರು ಕಣೋ, ಚಿಂತಾಮಣಿಯೋರು."

"ಯಾಕಮ್ಮ?"

"ಹುಡುಗಿ ಸೋದರಮಾವ ಬಯ್ಯಪ್ಪನೋರು ಇವತ್ತು ಮಧ್ಯಾಹ್ನ ಗುಟ್ಟಾಗಿ ನಿನ್ನ ವಿಚಾರಿಸಕ್ಕೆ ಅಂತ ನಮ್ಮ ಬೀದಿಗೆ ಬಂದಿದ್ರಂತೆ. ಕಾರು ತೊಳೆಯೋನಿಗೆ ಮೇಷ್ಟ್ರು ಅಂತ ಸುಳ್ಳು ಹೇಳಿ ಹೆಣ್ಣು ಕೇಳ್ತೀರಾ ಅಂತ ಬೈದ್ರು."

ವೇಣು ಅಮ್ಮನ ಕೈಯ ಫೋನಿಗೆ ಕೈ ಚಾಚಿದ. "ಫೋನ್ ಕೊಡಮ್ಮ, ನಾನೇ ಹೇಳ್ತೀನಿ!"

"ಇಟ್ಬಿಟ್ರು. ನನಗೆ ಮಾತಾಡಕ್ಕೂ ಬಿಡಲಿಲ್ಲ." ಕದಿರಮ್ಮ ಫೋನನ್ನು ಜಗಲಿಯ ಮೇಲಿಟ್ಟರು. "ಸಂಬಂಧ ಬೇಡವಂತೆ, ಕೆಲಸ ಮಾತ್ರ ಬಹಳ ಇಷ್ಟ ಆಯ್ತಂತೆ. ಅವರ ಜೀಪಿನ ಮೇಲೆ ಟಾರು ಸಿಡಿದಿದ್ಯಂತೆ, ಭಾನುವಾರ ಇಲ್ಲಿಗೇ ಕಳಿಸ್ತಾರಂತೆ."